ನಕ್ಕರೆ ಫ್ರೇಮ್ ಅಲ್ಲಾಡುತ್ತೆ

ಹೋದ ವರ್ಷ ನಮ್ಮ ಬಡಾವಣೆಯ ಗಣೇಶನ ಹಬ್ಬದಲ್ಲಿ ಮಕ್ಕಳ ನಾಟಕ ಇತ್ತು. ಅಕ್ಕನ ಮಗನಿಗೆ ರಾಜನ ಪಾತ್ರ. ಮೂತಿಗಿಂತ ದೊಡ್ಡ ಮೀಸೆ ಅಂಟಿಸಿ, ಅಕ್ಕನದೇ ಹಳೇ ರೇಷ್ಮೆ ಸೀರೆಯನ್ನು ಪಂಚೆ ಥರ ಉಡಿಸಿ ಸ್ಟೇಜಿಗೆ ಬಿಟ್ಟಿದ್ದರು. ಅಕ್ಕ ಪರದೆ ಪಕ್ಕ ನಿಂತು ಮಾತು ಹೇಳಿಕೊಡುತ್ತಿದ್ದಳು, ಹಾಗಾಗಿ ವಿಡಿಯೊ ಮಾಡುವ ಕೆಲಸ ನನ್ನ ಕುತ್ತಿಗೆಗೆ ಬಂತು. ಮೂರನೇ ದೃಶ್ಯದಲ್ಲಿ ರಾಜ ಮಜ್ಜಿಗೆ ಕುಡಿದು ಸ್ಟೀಲ್ ಲೋಟ ಕೆಳಗಿಳಿಸಿದ. ಮೀಸೆ ಲೋಟದಲ್ಲೇ ಉಳಿಯಿತು. ಹುಡುಗ ಲೋಟದೊಳಗೆ ಇಣುಕಿದ. ಆಮೇಲೆ ತಲೆ ಎತ್ತಿ, ಗತ್ತು ಒಂದು ಚೂರೂ ಬಿಡದೆ, "ಮಂತ್ರಿಗಳೇ, ಮಜ್ಜಿಗೆಯಲ್ಲಿ ಕೂದಲಿದೆ" ಅಂದ.

ಇದು ನಾನು ಕಣ್ಣಾರೆ ಕಂಡಿದ್ದು. ವಿಡಿಯೊದಲ್ಲಿ ಇಲ್ಲ. ವಿಡಿಯೊದಲ್ಲಿ ಆ ಹೊತ್ತಿಗೆ ಶಾಮಿಯಾನದ ಬಟ್ಟೆ ಕಾಣುತ್ತದೆ, ಒಂದು ಟ್ಯೂಬ್‌ಲೈಟ್ ಕಾಣುತ್ತದೆ, ಮುಂದಿನ ಸಾಲಿನ ತಾತನ ಬೋಳುತಲೆ ಎರಡು ಸಲ ಬಂದು ಹೋಗುತ್ತದೆ, ಜೊತೆಗೆ ಕುಕ್ಕರ್ ಕೂಗುವ ಮುಂಚೆ ಬುಸುಗುಡುತ್ತದಲ್ಲ, ಹಾಗೊಂದು ಸದ್ದು. ಅದು ನಂದು. ಅಕ್ಕ ಇನ್ನೂ ಕ್ಷಮಿಸಿಲ್ಲ. "ನಿನ್ನ ನಗು ಕೇಳೋಕೆ ವಿಡಿಯೊ ಮಾಡು ಅಂದಿದ್ನಾ?" ಅಂತ ಈಗಲೂ ಹಬ್ಬಕ್ಕೊಂದು ಸಲ ಕೇಳುತ್ತಾಳೆ.

ಆಗಿನಿಂದ ನನಗೊಂದು ಅನುಮಾನ. ಹತ್ತು ನಿಮಿಷದ ಮಕ್ಕಳ ನಾಟಕಕ್ಕೇ ನನ್ನ ಕೈ ಹೀಗಾದರೆ, ದಿನವಿಡೀ ಕಾಮಿಡಿ ಶೂಟ್ ಮಾಡುವವರು ಹೇಗೆ ತಡೆದುಕೊಳ್ಳುತ್ತಾರೆ? ನಮ್ಮ ಚಿಕ್ಕಮ್ಮನ ಮಗ ಕಾಮಿಡಿ ಸೀರಿಯಲ್‌ಗಳಿಗೆ ಕ್ಯಾಮೆರಾ ಹಿಡಿಯುವವನು. ಮನೆಗೆ ಬಂದಾಗ ಮೀಸೆ ಕಥೆ ಹೇಳಿ ಕೇಳಿದೆ. ಅವನು ನಗಲಿಲ್ಲ. "ಅಣ್ಣ, ನೀನು ಮೀಸೆ ನೋಡ್ತಿದ್ದೆ. ನಾನಾಗಿದ್ರೆ ಲೋಟ ಫ್ರೇಮಿನೊಳಗಿದೆಯಾ ಅಂತ ನೋಡ್ತಿದ್ದೆ" ಅಂದ.

ಅವನು ಹೇಳುವುದು ಸರಿಯೇ. ಕ್ಯಾಮೆರಾ ಹಿಂದಿರುವವನಿಗೆ ನೋಡಲು ಬೇಕಾದಷ್ಟಿದೆ. ನಟನ ತಲೆ ಮೇಲೆ ಜಾಗ (ಅವರ ಭಾಷೆಯಲ್ಲಿ ಹೆಡ್‌ರೂಮ್) ಎಷ್ಟಿದೆ, ಮೈಕಿನ ನೆರಳು ಗೋಡೆ ಮೇಲೆ ಬಿತ್ತಾ, ಫೋಕಸ್ ಮೂಗಿನ ಮೇಲಿದೆಯಾ ಹಿಂದಿನ ಕ್ಯಾಲೆಂಡರ್ ಮೇಲಿದೆಯಾ, ಅವನು ಏಳುವ ಮುಂಚೆ ನಾನು ಕ್ಯಾಮೆರಾ ಮೇಲಕ್ಕೆ ಟಿಲ್ಟ್ ಮಾಡಬೇಕಾ ಆಮೇಲಾ. ಅದೂ ಅಲ್ಲದೆ, ಜೋಕು ಅವನಿಗೆ ಹಳತಾಗಿರುತ್ತದೆ. ರಿಹರ್ಸಲ್‌ನಲ್ಲಿ ಎರಡು ಸಲ, ವೈಡ್ ಶಾಟ್‌ನಲ್ಲಿ ಒಂದು ಸಲ, ಆಮೇಲೆ ಅತ್ತೆಯ ಕ್ಲೋಸಪ್, ಅಳಿಯನ ಕ್ಲೋಸಪ್, ನಡುವೆ ಯಾರೋ ಮಾತು ಮರೆತು ಮತ್ತೆರಡು ಟೇಕ್. ಎಂಟನೇ ಸಲ ಕೇಳುವ ಹೊತ್ತಿಗೆ ಯಾವ ಜೋಕಾದರೂ ಬಸ್ ನಂಬರ್ ಥರ ಕೇಳಿಸುತ್ತದಂತೆ.

ತೊಂದರೆ ಬರುವುದು ಸ್ಕ್ರಿಪ್ಟಿನಲ್ಲಿ ಇಲ್ಲದ್ದು ನಡೆದಾಗ. ನಟ ಕೂತ ಕುರ್ಚಿ ಸದ್ದು ಮಾಡಿತು, ವಿಗ್ ಜಾರಿತು, ನಟ ಅದನ್ನೇ ಹಿಡಿದುಕೊಂಡು ಇನ್ನೊಂದು ಮಾತು ಸೇರಿಸಿದ. ಆಗ ಯಾವ ರಿಹರ್ಸಲ್ಲೂ ಕಾಪಾಡುವುದಿಲ್ಲ. ಕ್ಯಾಮೆರಾ ಹೆಗಲ ಮೇಲಿದ್ದರೆ ಹೊಟ್ಟೆಯೊಳಗಿನ ನಗು ನೇರ ಫ್ರೇಮಿಗೇ ಬರುತ್ತದೆ. ಜೂಮ್ ಮಾಡಿದ್ದರಂತೂ ಕೇಳಲೇಬೇಡಿ, ಒಂದು ಕೂದಲೆಳೆಯಷ್ಟು ನಡುಗಿದರೂ ಪರದೆ ಮೇಲೆ ಭೂಕಂಪ. ಟ್ರೈಪಾಡ್ ಇದ್ದರೆ ಮತ್ತು ನಟ ಜಾಗ ಬಿಟ್ಟು ಕದಲುವ ಹಾಗಿಲ್ಲದಿದ್ದರೆ ಬಚಾವ್, ಹ್ಯಾಂಡಲ್‌ನಿಂದ ಮೆಲ್ಲಗೆ ಕೈ ತೆಗೆದುಬಿಡಬಹುದು. ಇಲ್ಲದಿದ್ದರೆ ಕೆನ್ನೆಯ ಒಳಭಾಗ ಕಚ್ಚಿಕೊಳ್ಳುವುದು, ತೊಡೆ ಚಿವುಟಿಕೊಳ್ಳುವುದು, ಬಾಯಿ ತೆರೆದು ಸದ್ದಿಲ್ಲದೆ ಉಸಿರು ಬಿಡುವುದು. ನಮ್ಮ ಹುಡುಗ ಒಂದು ಸಲ ಮನೆ ಸಾಲದ ಕಂತು ನೆನೆಸಿಕೊಂಡನಂತೆ. "ನಗು ಟಕ್ ಅಂತ ನಿಲ್ತು ಅಣ್ಣ, ಆದರೆ ಕೈ ಬೇರೆ ಕಾರಣಕ್ಕೆ ನಡುಗೋಕೆ ಶುರುವಾಯ್ತು."

ಇವನಿಗಿಂತ ಪಾಪ ಅನ್ನಿಸುವುದು ಬೂಮ್ ಹಿಡಿದವನು. ಉದ್ದನೆ ಕೋಲು ತಲೆ ಮೇಲೆ ಎತ್ತಿ, ಅದರ ತುದಿಯ ಮೈಕನ್ನು ನಗಿಸುವವನ ತಲೆ ಮೇಲೇ ಹಿಡಿದಿರಬೇಕು. ಎರಡು ಕೈಯೂ ಮೇಲೆ, ಚಿವುಟಿಕೊಳ್ಳಲೂ ಕೈ ಇಲ್ಲ. ಕಿವಿಯಲ್ಲಿ ಹೆಡ್‌ಫೋನ್ ಬೇರೆ, ಜೋಕು ಎಲ್ಲರಿಗಿಂತ ಸ್ಪಷ್ಟವಾಗಿ ಅವನಿಗೇ ಕೇಳಿಸುತ್ತದೆ.

ಮೂಕಿ ಚಿತ್ರಗಳ ಕಾಲದಲ್ಲಿ ಸದ್ದಿನ ಭಯ ಇರಲಿಲ್ಲ, ಚಾಪ್ಲಿನ್ ಮುಂದೆ ಬಾಯಿ ಬಿಟ್ಟು ನಗಬಹುದಿತ್ತು ಅಂದುಕೊಂಡಿದ್ದೆ. ಅದೂ ಸುಳ್ಳು. ಆಗಿನ ಕ್ಯಾಮೆರಾಗಳಿಗೆ ಕೈಯಿಂದ ತಿರುಗಿಸುವ ಹ್ಯಾಂಡಲ್ ಇತ್ತು, ಸೆಕೆಂಡಿಗೆ ಸುಮಾರು 2 ಸುತ್ತು, ಒಂದೊಂದು ಸುತ್ತಿನಲ್ಲಿ 8 ಫ್ರೇಮ್, ಅಂದರೆ 8 ಚಿತ್ರ. ನಗು ಬಂದು ಕೈ ನಿಧಾನವಾಯಿತೋ, ಸೆಕೆಂಡಿಗೆ ಸಿಗುವ ಚಿತ್ರ ಕಡಿಮೆಯಾಗಿ ಪರದೆ ಮೇಲೆ ಚಾಪ್ಲಿನ್ ಇನ್ನೂ ಜೋರಾಗಿ ಓಡುತ್ತಾನೆ. ಅದು ಇನ್ನೂ ತಮಾಷೆ, ಅಲ್ವಾ?

ನಮ್ಮಲ್ಲಿ ಡಬ್ಬಿಂಗ್ ಇದ್ದ ಕಾರಣಕ್ಕೆ ಸದ್ದಿನ ಮಟ್ಟಿಗೆ ಬಹುಕಾಲ ಆರಾಮ ಇತ್ತು. ಆರಿ ಕಂಪನಿಯ ಹಳೇ ಫಿಲ್ಮ್ ಕ್ಯಾಮೆರಾ ಓಡಿದರೆ ಹೊಲಿಗೆ ಮೆಷಿನ್ ಓಡಿದ ಹಾಗೆ, ಅದರ ಮುಂದೆ ಯಾರ ನಗು ಯಾರಿಗೆ ಕೇಳಬೇಕು. ಮಾತೆಲ್ಲ ಹೇಗೂ ಆಮೇಲೆ ಸ್ಟುಡಿಯೊದಲ್ಲಿ. ಆದರೆ ಆ ಕ್ಯಾಮೆರಾದಲ್ಲಿ ಬೇರೊಂದು ಶಿಕ್ಷೆ ಇತ್ತು. ಕಣ್ಣಿಟ್ಟು ನೋಡುವ ಐಪೀಸ್‌ನಿಂದ ಕಣ್ಣು ತೆಗೆದರೆ ಬೆಳಕು ಅಲ್ಲಿಂದಲೇ ಒಳಗೆ ನುಗ್ಗಿ ಫಿಲ್ಮ್ ಹಾಳಾಗುವ ಅಪಾಯ. ಅಂದರೆ ನಗು ಬಂದರೆ ಮುಖ ಆಚೆ ತಿರುಗಿಸುವ ಹಾಗೂ ಇಲ್ಲ. ದ್ವಾರಕೀಶ್ ಕಣ್ಣರಳಿಸಿ ನಿಂತಿದ್ದಾರೆ, ಪಕ್ಕದಲ್ಲಿ ಮುಸುರಿ ಕೃಷ್ಣಮೂರ್ತಿ, ಕ್ಯಾಮೆರಾದವನು ಕಣ್ಣು ಒತ್ತಿಕೊಂಡು ಅಲ್ಲೇ ಇರಬೇಕು. 400 ಅಡಿಯ ಒಂದು ಫಿಲ್ಮ್ ರೋಲ್ ಓಡುವುದು ನಾಲ್ಕೂವರೆ ನಿಮಿಷಕ್ಕೂ ಕಡಿಮೆ. ಹಿಂದೆ ನಿರ್ಮಾಪಕರು ಅಡಿಗೆ ಇಷ್ಟು ಅಂತ ಲೆಕ್ಕ ಹಾಕುತ್ತ ಕೂತಿರುತ್ತಾರೆ.

ಆದರೂ ಆ ಐಪೀಸೇ ಅವರನ್ನು ಕಾಪಾಡಿರಬೇಕು ಅಂತ ನನ್ನ ವಾದ. ರಾಬರ್ಟ್ ಪ್ರೊವೈನ್ ಅಂತ ಅಮೆರಿಕದ ವಿಜ್ಞಾನಿಯೊಬ್ಬರು ನಗುವಿನ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದವರು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿ ಜನ ಇದ್ದಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅಂತ ಅವರು ಕಂಡುಕೊಂಡಿದ್ದರು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಐಪೀಸ್‌ಗೆ ಒತ್ತಿಕೊಂಡವನು ನೂರು ಜನರ ನಡುವೆ ಇದ್ದರೂ ಒಂಟಿ. ನನ್ನ ಫೋನಿಗೆ ಐಪೀಸ್ ಇಲ್ಲ. ಮೀಸೆ ಬಿದ್ದಾಗ ನಾನು ಮಾಡಿದ ಮೊದಲ ಕೆಲಸ ಪಕ್ಕದವರ ಮುಖ ನೋಡಿದ್ದು, ಅಲ್ಲೇ ಕೆಟ್ಟಿತು.

ಇದನ್ನು ಹೇಳಿದಾಗ ನಮ್ಮ ಹುಡುಗ ಮೊದಲ ಸಲ ತಲೆಯಾಡಿಸಿದ. ಅವರ ಸೆಟ್ಟಿನಲ್ಲೂ ಅದೇ ನಿಯಮವಂತೆ, ಏನೇ ಆದರೂ ಪಕ್ಕದಲ್ಲಿ ಫೋಕಸ್ ಸರಿಮಾಡುವ ಫೋಕಸ್ ಪುಲ್ಲರ್‌ನ ಮುಖ ನೋಡಬಾರದು. ಈಗಿನ ಕಷ್ಟ ಬೇರೆ. ಡೈರೆಕ್ಟರು, ರೈಟರು ಎಲ್ಲ ಹಿಂದೆ ಎಲ್ಲೋ ಮಾನಿಟರ್ ಮುಂದೆ ಕೂತು ಹಾಯಾಗಿ ನಗುತ್ತಾರೆ, ಆ ನಗು ಹೆಡ್‌ಸೆಟ್‌ನಲ್ಲಿ ಇವನ ಕಿವಿಯೊಳಗೇ ಬರುತ್ತದೆ. ಕಟ್ ಆದ ಮೇಲೆ "ಯಾಕಪ್ಪಾ, ಫ್ರೇಮ್ ಅಲ್ಲಾಡ್ತು?" ಅಂತ ಅವರೇ ಕೇಳುತ್ತಾರೆ. ಇಷ್ಟೆಲ್ಲ ಆಗಿ ಸೀರಿಯಲ್ ಪ್ರಸಾರವಾಗುವಾಗ ಡಬ್ಬಿಯಿಂದ ತೆಗೆದ ನಗು, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ನಗು ಸೇರಿಸುತ್ತಾರೆ. ಈ ಡಬ್ಬಿ ನಗುವಿಗಾಗಿ ಚಾರ್ಲಿ ಡಗ್ಲಸ್ ಅನ್ನುವ ಸೌಂಡ್ ಎಂಜಿನಿಯರ್ 1950ರ ದಶಕದಲ್ಲೇ ಅಮೆರಿಕದ ಟೀವಿಗೆ ಒಂದು ಮೆಷಿನ್ ಮಾಡಿ ಕೊಟ್ಟಿದ್ದರು, ಗುಂಡಿ ಒತ್ತಿದರೆ ಜನ ನಗುತ್ತಿದ್ದರು. ಅಲ್ಲೇ ನಿಂತು ನಿಜವಾಗಿ ನಗು ಬಂದವನು ಕೆನ್ನೆ ಕಚ್ಚಿಕೊಂಡಿದ್ದಾನೆ, ನಮಗೆ ಕೇಳಿಸುವುದು ಯಾವ ಕಾಲದ ಯಾರದ್ದೋ ನಗು.

"ಹಾಗಾದರೆ ನೀವು ನಗೋದು ಯಾವಾಗ?" ಅಂದೆ. "ಬರುತ್ತೆ ಅಣ್ಣ, ಪ್ಯಾಕಪ್ ಆದ್ಮೇಲೆ ಎಲ್ಲೋ ಬರುತ್ತೆ" ಅಂದ.

ಹೊರಡುವ ಮುಂಚೆ ನನ್ನ ವಿಡಿಯೊ ತೋರಿಸಿದೆ. ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದ. ಶಾಮಿಯಾನ ಬಂತು, ಟ್ಯೂಬ್‌ಲೈಟ್ ಬಂತು, ತಾತನ ತಲೆ ಬಂತು. "ಹೆಡ್‌ರೂಮ್ ಸ್ವಲ್ಪ ಜಾಸ್ತಿ ಆಯ್ತು" ಅಂತ ಫೋನ್ ವಾಪಸ್ ಕೊಟ್ಟು, ಹೆಲ್ಮೆಟ್ ಹಾಕಿಕೊಂಡು ಗೇಟಿನ ಹತ್ತಿರ ಹೋದ. ಬೈಕಿಗೆ ಒಂದು ಕಿಕ್ ಹೊಡೆದ. ಎರಡನೇ ಕಿಕ್‌ಗೆ ಕಾಲೆತ್ತಿದವನು ಹಾಗೇ ನಿಂತ. ಹೆಲ್ಮೆಟ್ಟಿನೊಳಗಿಂದ "ಮಜ್ಜಿಗೆಯಲ್ಲಿ ಕೂದಲು..." ಅಂತೇನೋ ಕೇಳಿಸಿತು. ಆಮೇಲೆ ಹ್ಯಾಂಡಲ್ ಮೇಲೆ ತಲೆಯಿಟ್ಟುಕೊಂಡುಬಿಟ್ಟ, ಬೈಕ್ ಸಮೇತ ಅಲ್ಲಾಡುತ್ತಿದ್ದ.