ಕೊನೆಯ ಸುತ್ತಿನಲ್ಲೂ ಹಳದಿ ಗೆರೆ ಗೆರೆಯೇ

ಅಮೆರಿಕದ ನಾಸ್ಕಾರ್ ಕಾರ್ ರೇಸಿನ ಕೊನೆಯ ಸುತ್ತಿನಲ್ಲಿ, ಟ್ರ್ಯಾಕಿನ ಒಳ ಅಂಚಿನಲ್ಲಿರುವ ಜೋಡಿ ಹಳದಿ ಗೆರೆಯ ಕೆಳಗಿಳಿದು ಎದುರಾಳಿಯನ್ನು ಹಿಂದಿಕ್ಕಬಹುದು ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. 2008ರ ಅಕ್ಟೋಬರ್‌ನಲ್ಲಿ ಟಾಲಡೇಗಾ ಟ್ರ್ಯಾಕಿನಲ್ಲಿ ಚಾಲಕ ರೀಗನ್ ಸ್ಮಿತ್ ಹೀಗೆ ಒಳಗಿನಿಂದ ನುಗ್ಗಿ ಟೋನಿ ಸ್ಟೀವರ್ಟ್‌ಗಿಂತ ಮೊದಲು ಗುರಿ ಮುಟ್ಟಿದರು. ಗೆಲುವು ಸ್ಟೀವರ್ಟ್ ಪಾಲಾಯಿತು, ಸ್ಮಿತ್ 18ನೇ ಸ್ಥಾನಕ್ಕೆ ಕುಸಿದರು. ತಮ್ಮನ್ನು ಕೆಳಕ್ಕೆ ತಳ್ಳಲಾಯಿತು ಎಂಬ ಅವರ ವಾದ ನಡೆಯಲಿಲ್ಲ.

ಗೊಂದಲದ ಬೇರು ಇರುವುದು ಇಲ್ಲೇ. ವಿಧಿಯಿಲ್ಲದೆ ಇಳಿದವರಿಗೆ ವಿನಾಯಿತಿ ಉಂಟು, ಇಳಿಸಿದವರಿಗೆ ದಂಡನೆ. ಯಾರು ಯಾರನ್ನು ತಳ್ಳಿದರು ಎಂಬುದು ಅಧಿಕಾರಿಗಳ ಕಣ್ಣಳತೆಗೆ ಬಿಟ್ಟದ್ದು. ಆ ಅಳತೆಯನ್ನು ಟೀಕಿಸುವವರೊಡನೆ ನನ್ನ ತಕರಾರಿಲ್ಲ. 2020ರಲ್ಲಿ ಅಲ್ಲಿಯೇ ಗೆರೆ ದಾಟಿದ ಡೆನ್ನಿ ಹ್ಯಾಮ್ಲಿನ್ ಗೆಲುವು ಉಳಿಸಿಕೊಂಡರು. ಎರಡನೆಯವರಾಗಿ ಬಂದ ಮ್ಯಾಟ್ ಡಿಬೆನೆಡೆಟ್ಟೊ, ವಿಲಿಯಂ ಬೈರನ್‌ರನ್ನು ಕೆಳಗಿಳಿಸಿದರೆಂದು 21ಕ್ಕೆ ಜಾರಿದರು. ಚೇಸ್ ಎಲಿಯಟ್‌ಗಂತೂ ಮೊದಲು ದಂಡ, ಆಮೇಲೆ ಅದೂ ರದ್ದು!