ಲಾರಿ ಕೊಟ್ಟವರು, ಪ್ರಾಣ ಕೊಟ್ಟವರು

ಎರಡನೇ ಮಹಾಯುದ್ಧ ಗೆದ್ದದ್ದು ಯಾರು? ನಮ್ಮ ಮೈಸೂರಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಇದೇ ಜಗಳ. ಒಬ್ಬರು "ರಷ್ಯಾ ಒಂದೇ ಗೆದ್ದಿದ್ದು" ಅನ್ನುತ್ತಾರೆ. ಇನ್ನೊಬ್ಬರು "ಅಮೆರಿಕ ಸಾಮಾನು ಕಳಿಸದಿದ್ದರೆ ರಷ್ಯಾ ಎಲ್ಲಿರುತ್ತಿತ್ತು" ಅನ್ನುತ್ತಾರೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ.

ಮೊದಲು ಸಾಮಾನಿನ ಲೆಕ್ಕ. 1941ರ ಮಾರ್ಚ್‌ನಲ್ಲಿ ಅಮೆರಿಕ, ಮಿತ್ರ ದೇಶಗಳಿಗೆ ಯುದ್ಧದ ಸಾಮಾನನ್ನು ಸಾಲವಾಗಿ, ಎರವಲಾಗಿ ಕೊಡುವ ಲೆಂಡ್-ಲೀಸ್ ಕಾಯ್ದೆ ತಂದಿತು. ಯುದ್ಧ ಮುಗಿಯುವ ಹೊತ್ತಿಗೆ ಸೋವಿಯತ್ ಒಕ್ಕೂಟಕ್ಕೆ ಹೋದ ಸಾಮಾನಿನ ಬೆಲೆ ಸುಮಾರು 1,100 ಕೋಟಿ ಡಾಲರ್. ಎಲ್ಲರೂ ಟ್ಯಾಂಕು, ವಿಮಾನದ ಮಾತಾಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಲಾರಿ. ಲಾರಿ, ಜೀಪು ಸೇರಿ ಸುಮಾರು 4 ಲಕ್ಷ. ಜೊತೆಗೆ ಸುಮಾರು 2,000 ರೈಲು ಎಂಜಿನ್, ಒಂದೂವರೆ ಕೋಟಿ ಜೊತೆ ಬೂಟು. ಅಮೆರಿಕದ ಸ್ಟುಡಿಬೇಕರ್ ಲಾರಿಯ ಬೆನ್ನ ಮೇಲೆ ಕತ್ಯೂಷಾ ರಾಕೆಟ್ ಹೇರಿಕೊಂಡೇ ಸೋವಿಯತ್ತಿನ ಕೆಂಪು ಸೇನೆ ಬರ್ಲಿನ್ ಕಡೆ ಹೊರಟಿದ್ದು.

ಇದನ್ನು ಸೋವಿಯತ್ ಸರ್ಕಾರ ಮುಚ್ಚಿಟ್ಟದ್ದು ತಪ್ಪು. 1943ರ ಮಾರ್ಚ್‌ನಲ್ಲಿ ಅಮೆರಿಕದ ರಾಯಭಾರಿ ಸ್ಟ್ಯಾಂಡ್ಲಿ ಮಾಸ್ಕೋದಲ್ಲೇ ಪತ್ರಕರ್ತರ ಮುಂದೆ ಬೇಸರ ತೋಡಿಕೊಂಡರು. ನಮ್ಮ ಸಹಾಯದ ವಿಷಯ ನಿಮ್ಮ ಜನಕ್ಕೆ ಹೇಳುತ್ತಲೇ ಇಲ್ಲವಲ್ಲ ಅಂತ. ಯುದ್ಧ ಮುಗಿದ ಮೇಲೆ ಸೋವಿಯತ್ ಅರ್ಥಶಾಸ್ತ್ರಜ್ಞ ವೊಜ್ನೆಸೆನ್ಸ್ಕಿ, ಬಂದದ್ದು ನಮ್ಮ ಉತ್ಪಾದನೆಯ ಶೇ. 4 ಮಾತ್ರ ಅಂದುಬಿಟ್ಟರು. ಆದರೆ ಸೋವಿಯತ್ ಸೇನೆಯ ಮಾರ್ಷಲ್ ಝೂಕೊವ್ ಖಾಸಗಿಯಾಗಿ ಬೇರೆಯೇ ಹೇಳುತ್ತಿದ್ದರು. ಆ ಸಾಮಾನು ಇಲ್ಲದಿದ್ದರೆ ಮೀಸಲು ಪಡೆ ಕಟ್ಟಲು ಆಗುತ್ತಿರಲಿಲ್ಲ ಅಂತ. ಅದು ಗೊತ್ತಾಗಿದ್ದು 1963ರಲ್ಲಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಅವರ ಮಾತನ್ನು ಕದ್ದು ಕೇಳಿ ಬರೆದ ವರದಿಯಿಂದ.

ಹಾಗಂತ "ನಾವು ಕೊಟ್ಟೆವು, ಅದಕ್ಕೇ ಗೆದ್ದಿರಿ" ಅನ್ನುವುದೂ ಸುಳ್ಳೇ. ತಾರೀಖು ನೋಡಿ. 1941ರ ಡಿಸೆಂಬರ್‌ನಲ್ಲಿ ಮಾಸ್ಕೋ ಬಾಗಿಲಲ್ಲಿ ಜರ್ಮನರನ್ನು ತಡೆದಾಗ ಅಮೆರಿಕದ ಸಾಮಾನು ಬಂದಿದ್ದು ತೀರಾ ಕಮ್ಮಿ. ಬಹುಪಾಲು ಬಂದಿದ್ದು 1943ರಿಂದ ಈಚೆಗೆ, ಸ್ಟಾಲಿನ್‌ಗ್ರಾಡ್‌ನಲ್ಲಿ ಯುದ್ಧದ ದಿಕ್ಕು ತಿರುಗಿದ ಮೇಲೆ. ಸೋವಿಯತ್ ಕಡೆ ಸತ್ತವರು ಸುಮಾರು 2 ಕೋಟಿ 70 ಲಕ್ಷ ಜನ. ಅಮೆರಿಕದ ಡಬ್ಬಿ ಮಾಂಸಕ್ಕೆ ಅಲ್ಲಿನ ಸೈನಿಕರು "ಎರಡನೇ ರಂಗ" ಅಂತ ಹೆಸರಿಟ್ಟಿದ್ದರು. ಪಶ್ಚಿಮದಲ್ಲಿ ಎರಡನೇ ರಂಗ ತೆರೆಯಿರಿ ಅಂತ ಸ್ಟಾಲಿನ್ 1941ರಿಂದ ಕೇಳುತ್ತಿದ್ದರು, ನಾರ್ಮಂಡಿಯಲ್ಲಿ ಸೇನೆ ಇಳಿದಿದ್ದು 1944ರ ಜೂನ್‌ನಲ್ಲಿ. ಅಷ್ಟು ದಿನ ಕೈಗೆ ಸಿಕ್ಕಿದ್ದು ಡಬ್ಬಿ. ಆ ಹೆಸರಿನಲ್ಲಿ ಎಷ್ಟು ಸಿಟ್ಟಿದೆ ನೋಡಿ.

ಆದರೆ ಆ ಡಬ್ಬಿ ತಲುಪಿಸಿದವರೂ ಸುಮ್ನೆ ಬರಲಿಲ್ಲ. 1942ರ ಜೂನ್ ಕೊನೆಗೆ ಆರ್ಕ್ಟಿಕ್ ಸಮುದ್ರದ ಹಿಮದ ದಾರಿಯಲ್ಲಿ ಹೊರಟ ಪಿಕ್ಯೂ-17 ಎಂಬ ಒಂದೇ ಹಡಗುಪಡೆಯಲ್ಲಿ 24 ಸರಕು ಹಡಗು ಮುಳುಗಿದವು. ಬ್ರಿಟನ್ ಸ್ವಲ್ಪ ಕಾಲ ಹಡಗು ನಿಲ್ಲಿಸಿತು. ಸ್ಟಾಲಿನ್ ಕೆಂಡಾಮಂಡಲವಾದರು. ಕೊನೆಗೆ 1945ರ ಮೇನಲ್ಲಿ ಜರ್ಮನಿ ಶರಣಾದ ಕೆಲವೇ ದಿನಕ್ಕೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಸರ್ಕಾರ ಸಹಾಯ ಕಡಿದು, ಸಮುದ್ರದಲ್ಲಿದ್ದ ಹಡಗನ್ನೂ ವಾಪಸ್ ಕರೆಸಿತು. ಆಮೇಲೆ ಆ ಆದೇಶ ಸಡಿಲಿಸಿದರೂ ಮನಸ್ಸು ಮುರಿದಿತ್ತು. ಮದುವೆ ಮನೆಯ ಮುಯ್ಯಿ ಪುಸ್ತಕದ ಹಾಗೆ ಬಾಕಿ ಲೆಕ್ಕ 1972ರವರೆಗೆ ಎಳೆಯಿತು, 72.2 ಕೋಟಿ ಡಾಲರ್‌ಗೆ ಒಪ್ಪಂದವಾಯಿತು.

ಇಂಥದ್ದು ನಮ್ಮ ನೆಲದಲ್ಲೂ ಆಗಿದೆ. 1791ರ ಮೇನಲ್ಲಿ ಟಿಪ್ಪುವಿನ ಮೇಲೆ ಬಂದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಗೆದ್ದರೂ, ತಿನ್ನಲು ಕಾಳಿಲ್ಲದೆ, ಎಳೆಯಲು ಎತ್ತಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ ಹೊರಟ. ಅದರ ಬೆನ್ನಿಗೇ ಮಿತ್ರರಾದ ಮರಾಠರು ಬಂದರು. ಟಿಪ್ಪುವಿನ ಸವಾರರು ಓಲೆಕಾರರನ್ನು ಹಿಡಿದಿದ್ದರಿಂದ ಮರಾಠರು ಬರುವ ಸುದ್ದಿಯೇ ಇಂಗ್ಲಿಷರಿಗೆ ತಲುಪಿರಲಿಲ್ಲ. ಮರಾಠರ ಬಜಾರಿನಲ್ಲಿ ಧಾನ್ಯವಿತ್ತು. ಹಸಿದ ಮಿತ್ರರಿಗೆ ಅದನ್ನು ದುಬಾರಿ ಬೆಲೆಗೆ ಮಾರಿದರು. 1792ರ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು. ಇಂಗ್ಲಿಷರು, ನಿಜಾಮ, ಮರಾಠರು ಮೂರು ಸಮಪಾಲು ಮಾಡಿಕೊಂಡರು.

ಈಗ ನನ್ನ ಸಂಕಟದ ಮಾತು. ರಷ್ಯಾ, ಅಮೆರಿಕ ಅಂತ ಹೊಡೆದಾಡುವಾಗ ನಮ್ಮವರನ್ನೇ ಮರೆಯುತ್ತೇವೆ ಅಲ್ವಾ? ಬ್ರಿಟನ್ನಿನ ವಾಯುಪಡೆಯ 129ನೇ ಸ್ಕ್ವಾಡ್ರನ್ ಹೆಸರು ಆಗ "ಮೈಸೂರು" ಅಂತಿತ್ತು. ಅದರ ವಿಮಾನಗಳಿಗೆ ದುಡ್ಡು ಕೊಟ್ಟಿದ್ದು ನಮ್ಮ ಸಂಸ್ಥಾನ. ಅದರ ಲಾಂಛನದಲ್ಲಿ ಇದ್ದದ್ದು ನಮ್ಮ ಗಂಡಭೇರುಂಡ. ಆ ಸ್ಪಿಟ್‌ಫೈರ್‌ಗಳು 1942ರಲ್ಲಿ ಫ್ರಾನ್ಸಿನ ಡಿಯೆಪ್ ದಾಳಿಯಲ್ಲಿ ಹಾರಿದವು. ಇಂಡಿಯಾದಿಂದ ಸೇನೆ ಸೇರಿದವರು ಸುಮಾರು 25 ಲಕ್ಷ, ಸತ್ತವರು ಸುಮಾರು 87 ಸಾವಿರ. ಅದೇ ಹೊತ್ತಲ್ಲಿ 1943ರಲ್ಲಿ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಯುದ್ಧ ಮುಗಿದಾಗ ಬ್ರಿಟನ್ ನಮಗೇ 100 ಕೋಟಿ ಪೌಂಡ್‌ಗಿಂತ ಜಾಸ್ತಿ ಸಾಲಗಾರ. ಚರ್ಚಿಲ್ ಮಾತ್ರ, ಇಂಡಿಯಾವನ್ನು ಕಾಪಾಡಿದ್ದಕ್ಕೆ ಬ್ರಿಟನ್ನೇ ಎದುರು ಲೆಕ್ಕ ಕೇಳಬೇಕು ಅನ್ನುತ್ತಿದ್ದರು. ಇದು ನೆನಪಾದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಮೈಸೂರು, ಮಂಡ್ಯ ಕಡೆಯವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಜ್ಜ, ಮುತ್ತಜ್ಜ ಯಾರಾದರೂ ಆ ಯುದ್ಧಕ್ಕೆ ಹೋಗಿದ್ದರೆ ಅವರ ಹೆಸರು, ಊರು, ಯಾವ ಪಡೆ ಅನ್ನುವುದನ್ನು ಬರೆದಿಡಿ. ಹಳೇ ಟ್ರಂಕಿನಲ್ಲಿ ಪದಕ, ಪಿಂಚಣಿ ಕಾಗದ ಇದ್ದರೆ ಫೋಟೊ ತೆಗೆದಿಡಿ. ಹಿರಿಯರು ಇನ್ನೂ ನೆನಪಿಟ್ಟುಕೊಂಡಿರುವಾಗಲೇ ಕೇಳಿ.