ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಮನೆಯ ವೈರಿಂಗ್ ನೋಡಿಸಿ

ಬೆಂಗಳೂರಿನ ಹವೆ ಬಗ್ಗೆ ನಮಗೆಲ್ಲ ಹೆಮ್ಮೆ. ಬಿಸಿಲೂ ಹಿತ, ಚಳಿಯೂ ಹಿತ ಅನ್ನುತ್ತೇವೆ. ಆದರೆ ಮನೆಯ ವೈರಿಂಗ್‌ಗೆ ಇಲ್ಲೂ ಒಂದೊಂದು ಕಾಲ ಒಂದೊಂದು ಥರ. ಮಾರ್ಚ್ ಬಂತೆಂದರೆ ಹಗಲೂ ರಾತ್ರಿ ಫ್ಯಾನ್, ಕೂಲರ್, ಎಸಿ. ಜೂನ್ ಆದ ಮೇಲೆ ಗೋಡೆಯಲ್ಲಿ ತೇವ. ದೀಪಾವಳಿ, ಕಾರ್ತಿಕದಲ್ಲಿ ದೀಪ, ಪಟಾಕಿ, ಸೀರಿಯಲ್ ಸೆಟ್. ಡಿಸೆಂಬರಿನಲ್ಲಿ ಗೀಸರ್ ಜೊತೆಗೆ ರೂಮ್ ಹೀಟರ್. ಹೊರೆ ಹೀಗೆ ಬದಲಾಗುತ್ತಲೇ ಇರುತ್ತದೆ. ಎರಡು ಟ್ಯೂಬ್‌ಲೈಟು, ಒಂದು ಟಿವಿ, ಒಂದು ಮಿಕ್ಸಿ ಅಂತ ಲೆಕ್ಕ ಹಾಕಿ ಎಳೆದಿದ್ದ ಹಳೇ ವೈರು ಮಾತ್ರ ಹಾಗೇ ಇರುತ್ತದೆ.

ಅದಕ್ಕೇ ನನ್ನದೊಂದು ಬೇಡಿಕೆ. ಯುಗಾದಿಗೆ ನಾವು ಮನೆಯೆಲ್ಲ ಧೂಳು ಹೊಡೆಯುತ್ತೇವೆ. ಆಯುಧಪೂಜೆಗೆ ಗ್ಯಾಸ್ ಸ್ಟೌವ್, ಮಿಕ್ಸಿ, ಮೀಟರ್ ಬೋರ್ಡ್ ಎಲ್ಲಕ್ಕೂ ಕುಂಕುಮ ಇಡುತ್ತೇವೆ. ಒಂದು ಬರುವುದು ಬೇಸಿಗೆಯ ಬಾಗಿಲಲ್ಲಿ. ಇನ್ನೊಂದು ಮಳೆ ಮುಗಿಯುವ ಹೊತ್ತಿಗೆ, ದೀಪಾವಳಿಗೆ ಹತ್ತಿರ ಹತ್ತಿರ ಮೂರು ವಾರ ಮುಂಚೆ. ಇದಕ್ಕಿಂತ ಒಳ್ಳೆಯ ಸಮಯ ಬೇಕಾ? ಆ ಎರಡು ಹಬ್ಬಗಳ ವಾರದಲ್ಲಿ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಬೋರ್ಡ್ ಬಿಚ್ಚಿಸಿ, ಸ್ಕ್ರೂಗಳನ್ನು ಬಿಗಿ ಮಾಡಿಸಿ. ಎಷ್ಟೋ ಸಲ ಬೆಂಕಿ ಶುರುವಾಗುವುದು ಸಡಿಲವಾದ ಒಂದು ಜಾಯಿಂಟಿನಲ್ಲಿ. ಅಲ್ಲಿ ಕರೆಂಟು ಹರಿಯುವಾಗ ಬಿಸಿ ಹುಟ್ಟುತ್ತದೆ, ಪ್ಲಾಸ್ಟಿಕ್ ಕಂದುತ್ತದೆ. ಪ್ಲಗ್ಗಿನ ಸುತ್ತ ಕಂದು ಕಲೆ, ಸ್ವಿಚ್ ಹಾಕಿದಾಗ ಚಟಚಟ ಸದ್ದು, ಸುಟ್ಟ ವಾಸನೆ, ಇವು ಮೂರರಲ್ಲಿ ಒಂದು ಕಂಡರೂ ಹಬ್ಬದವರೆಗೆ ಕಾಯಬೇಡಿ.

ಚಳಿಗಾಲದ ಲೆಕ್ಕ ಸ್ವಲ್ಪ ನೋಡಿ. 2000 ವ್ಯಾಟಿನ ರೂಮ್ ಹೀಟರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಮೊಬೈಲ್, ಟಿವಿ ಹಾಕುವ ಸಣ್ಣ ಪ್ಲಗ್ ಇರುವುದು 6 ಆಂಪಿಯರಿಗೆ. ಬಕೆಟ್ ನೀರಿಗೆ ಹಾಕುವ 1500 ವ್ಯಾಟಿನ ಹೀಟರ್ ರಾಡ್ ಕೂಡ ಆರನ್ನು ದಾಟುತ್ತದೆ. ಇವಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗಂತೂ ಬೇಡವೇ ಬೇಡ. ಇನ್ನೊಂದು ನನಗೆ ತುಂಬಾ ಭಯ ಹುಟ್ಟಿಸುವ ಅಭ್ಯಾಸ. ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗೇ ಆರುವ ಸ್ವಿಚ್, ಪದೇ ಪದೇ ಬೀಳುತ್ತದೆ ಅಂತ ಅದನ್ನು ತೆಗೆಸಿ ದೊಡ್ಡದು ಹಾಕಿಸುವುದು. ಎಂಸಿಬಿ ಇರುವುದೇ ವೈರು ಕಾಯಲು. ಅದನ್ನು ದೊಡ್ಡದು ಮಾಡಿದರೆ ಎಂಸಿಬಿ ಬೀಳುವ ಮೊದಲೇ ಗೋಡೆಯೊಳಗೆ ವೈರು ಬೇಯುತ್ತದೆ.

ಬೇಸಿಗೆಯಲ್ಲಿ ಇನ್ನೆರಡು ವಿಷಯ. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದು ಹೊತ್ತಿಕೊಳ್ಳುವ ಗಾಳಿ. ಮುಚ್ಚಿದ ಕಪಾಟಿನಲ್ಲೋ ದೇವರ ದೀಪದ ಪಕ್ಕದಲ್ಲೋ ಬ್ಯಾಟರಿ ಇಡಬೇಡಿ. ಮತ್ತೆ, ಫೆಬ್ರವರಿ ಮಾರ್ಚಿನಲ್ಲಿ ಎಲೆ ಉದುರುತ್ತದಲ್ಲ, ಅದನ್ನು ಖಾಲಿ ಸೈಟಿನಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರುವುದು ನಮ್ಮ ಬಡಾವಣೆಗಳಲ್ಲಿ ಇನ್ನೂ ನಿಂತಿಲ್ಲ. ಒಣ ಹುಲ್ಲು, ಮೇಲೆ ಜೋತುಬಿದ್ದ ಕೇಬಲ್, ಪಕ್ಕದಲ್ಲೇ ಮನೆಯ ಕಿಟಕಿ. ದಯವಿಟ್ಟು ಯಾರಾದರೂ ಹಚ್ಚಿದ್ದು ಕಂಡರೆ ಸುಮ್ನೆ ಹೋಗಬೇಡಿ, ಮಾತಾಡಿ.

ಮಳೆಗಾಲಕ್ಕೆ ಹೆಚ್ಚೇನಿಲ್ಲ. ಗೋಡೆಯ ತೇವ ಸ್ವಿಚ್ ಬೋರ್ಡಿನ ಹತ್ತಿರ ಬಂದಿದ್ದರೆ ಆ ಭಾಗದ ಕರೆಂಟ್ ತೆಗೆಸಿ. ಮೀಟರಿನ ಹತ್ತಿರ ಕಿಡಿ ಕಂಡರೆ ಬೆಸ್ಕಾಂಗೆ 1912ರಲ್ಲಿ ಹೇಳಿ. ಬಟ್ಟೆ ಒಣಗಲಿಲ್ಲ ಅಂತ ಇಸ್ತ್ರಿಪೆಟ್ಟಿಗೆ ಹಾಕಿ, ಕರೆಂಟ್ ಹೋದ ಕೂಡಲೇ ಎದ್ದು ಹೋಗುವವರು ಸ್ವಿಚ್ ಆರಿಸಿ ಹೋಗಿ.

ಗ್ಯಾಸಿಗೆ ಕಾಲವಿಲ್ಲ, ವರ್ಷವಿಡೀ ಅದೇ ಎಚ್ಚರ. ಆದರೆ ಚಳಿ, ಮಳೆಯಲ್ಲಿ ನಾವು ಕಿಟಕಿ ಮುಚ್ಚುತ್ತೇವೆ, ಅಪಾಯ ಜಾಸ್ತಿಯಾಗುವುದು ಅಲ್ಲಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿಕೊಳ್ಳುತ್ತದೆ. ಈಗ ಊರಿನ ಹಲವು ಕಡೆ ಬಂದಿರುವ ಪೈಪ್ ಗ್ಯಾಸ್ ಹಗುರ, ಮೇಲಕ್ಕೆ ಹೋಗುತ್ತದೆ. ಮಾಡ್ಯುಲರ್ ಕಿಚನ್ ಚೆಂದ ಕಾಣಲಿ ಅಂತ ಸಿಲಿಂಡರನ್ನು ಮರದ ಕಪಾಟಿನಲ್ಲಿ ಪೂರ್ತಿ ಮುಚ್ಚಿಡುವವರಿಗೆ ನನ್ನ ವಿನಂತಿ, ಕಪಾಟಿನ ಕೆಳಗೆ ಗಾಳಿಗೆ ದಾರಿ ಮಾಡಿಸಿ. ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬಿರುಕು ಬಿಟ್ಟಿದ್ದರೆ ಅದಕ್ಕೂ ಮೊದಲೇ. ಸಿಲಿಂಡರಿನ ಕೊರಳ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು ಮತ್ತು ಇಸವಿ ಇರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಡಿ ಅಂದರೆ ಡಿಸೆಂಬರ್‌ವರೆಗೆ. ಪರೀಕ್ಷೆಯ ಅವಧಿ ಮುಗಿದ ಸಿಲಿಂಡರ್ ಬಂದರೆ ವಾಪಸ್ ಕಳಿಸಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಸ್ಟೌವ್ ಆರಿಸಿ, ಅಗಲವಾದ ತಟ್ಟೆ ಮುಚ್ಚಿ, ಮುಟ್ಟದೆ ಬಿಡಿ.

ಬಾಣಂತಿ ಇರುವ ಮನೆಯಲ್ಲಿ ಕೂಸಿಗೆ ಸಾಂಬ್ರಾಣಿ ಹೊಗೆ ಹಾಕುತ್ತಾರಲ್ಲ, ಆ ಕೆಂಡವನ್ನು ಮಂಚದ ಕೆಳಗೆ ಬಿಡಬೇಡಿ ಅಂತ ಅಜ್ಜಿಯಂದಿರಿಗೂ ಹೇಳಬೇಕು. ಕಾರ್ತಿಕದ ಹಣತೆ ಹೊಸ್ತಿಲಲ್ಲಿರಲಿ, ಪರದೆ, ಚಪ್ಪಲಿ ಸ್ಟ್ಯಾಂಡ್ ದೂರ ಇರಲಿ. ದೀಪಾವಳಿಯ ರಾತ್ರಿ ಬಾಲ್ಕನಿಯ ಬಟ್ಟೆ, ರಟ್ಟಿನ ಡಬ್ಬ ಒಳಗೆ ತನ್ನಿ. ರಾಕೆಟ್ ಎಲ್ಲಿ ಬೀಳುತ್ತದೆ ಅಂತ ಯಾರಿಗೆ ಗೊತ್ತು?

ಇಷ್ಟಾದರೂ ಬೆಂಕಿ ಹತ್ತಿತು ಅನ್ನಿ. ಹೊರಗೆ ಹೇಗೆ ಬರುತ್ತೀರಿ? ನನ್ನನ್ನು ಜಾಸ್ತಿ ಕಾಡುವ ಪ್ರಶ್ನೆ ಇದು. 2021ರ ಸೆಪ್ಟೆಂಬರಿನಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಬೆಂಕಿಯಲ್ಲಿ ಇಬ್ಬರು ಮಹಿಳೆಯರು ಸತ್ತರು. ಬಾಲ್ಕನಿಗೆ ಬಂದವರಿಗೂ ಗ್ರಿಲ್ ದಾಟಿ ಹೊರಗೆ ಬರಲು ಆಗಲಿಲ್ಲ. 2025ರ ಆಗಸ್ಟಿನಲ್ಲಿ ನಗರ್ತಪೇಟೆಯಲ್ಲಿ, ಕೆಳಗೆ ಸರಕು, ಮೇಲೆ ಮನೆ ಇದ್ದ ಕಟ್ಟಡದಲ್ಲಿ ಐವರು ಹೋದರು. ಈಗ ನಿಮ್ಮ ಬೀದಿಯ 30x40 ಅಡಿ ಸೈಟಿನ ಮನೆಗಳನ್ನು ನೋಡಿ. ನಾಲ್ಕು ಮಹಡಿಗೆ ಒಂದೇ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ ಎಲ್ಲ ಮನೆಗಳ ಮೀಟರ್ ಬೋರ್ಡ್. ಅದರ ಮುಂದೆ ಸಾಲಾಗಿ ಪೆಟ್ರೋಲ್ ಸ್ಕೂಟರ್, ಈಗೀಗ ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್ ಕೂಡ. ಹೊಗೆ ಏರುವುದು ಅದೇ ಮೆಟ್ಟಿಲಲ್ಲಿ, ನಾವು ಇಳಿಯಬೇಕಾದದ್ದೂ ಅಲ್ಲೇ.

ಕಳ್ಳರ ಭಯಕ್ಕೆ ಗ್ರಿಲ್ ಬೇಕು, ಒಪ್ಪುತ್ತೇನೆ. ಆದರೆ ಒಂದು ಗ್ರಿಲ್ಲಿಗಾದರೂ ಒಳಗಿಂದ ತೆರೆಯುವ ಬಾಗಿಲು ಇಡಿಸಿ. ಬೀಗದ ಕೀ ಮಕ್ಕಳಿಗೂ ಗೊತ್ತಿರುವ ಜಾಗದಲ್ಲಿ ನೇತಾಡಲಿ. ಓನರ್‌ಗೆ ಬಾಡಿಗೆದಾರರೆಲ್ಲ ಒಟ್ಟಿಗೆ ಹೋಗಿ ಕೇಳಿ, ಒಬ್ಬರೇ ಕೇಳಿದರೆ ಮಾತು ನಿಲ್ಲುವುದಿಲ್ಲ. ಮೀಟರ್ ಬೋರ್ಡಿನ ಮುಂದಿನ ಗಾಡಿಗಳನ್ನು ಬೇರೆ ಕಡೆ ನಿಲ್ಲಿಸುವುದಕ್ಕೆ ದುಡ್ಡೇನೂ ಖರ್ಚಿಲ್ಲ, ಅಲ್ವಾ?

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಸಿಲಿಂಡರ್ ಗ್ಯಾಸಾದರೆ ಆಮೇಲೆ ಹೊರಗಿಂದ 1906ಕ್ಕೆ ಫೋನ್ ಮಾಡಿ. ಬೆಂಕಿಯಾದರೆ 101 ಅಥವಾ 112. ಅಡ್ರೆಸ್ ಹೇಳುವಾಗ ಮೇನ್, ಕ್ರಾಸ್ ನಂಬರಿನ ಜೊತೆ ಹತ್ತಿರದ ದೇವಸ್ಥಾನವನ್ನೋ ಸ್ಕೂಲನ್ನೋ ಹೇಳಿ, ಒಬ್ಬರು ಹೋಗಿ ಮೇನ್ ರೋಡಿನಲ್ಲಿ ನಿಂತಿರಿ.